ಮಂಡಿ ಬದಲಾಯಿಸಿ 11 ವರ್ಷ ಆಯ್ತು, ಈಗ ಮತ್ತೆ ನೋವು. ಇನ್ನೊಂದ್ಸಲ ಆಪರೇಶನ್ನಾ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ಮಮ್ಮನಿಗೆ 69 ವರ್ಷ, ಮಂಡಿ ಸವೆದಿದೆ ಅಂತ 11 ವರ್ಷದ ಹಿಂದೆ ಬಲಗಾಲಿಗೆ ಪೂರ್ತಿ ಜಾಯಿಂಟ್ ಹಾಕಿಸಿದ್ವಿ, ಇಷ್ಟು ದಿನ ಆರಾಮಾಗಿ ಓಡಾಡ್ಕೊಂಡಿದ್ರು. ಈಗ ಆರು ತಿಂಗಳಿಂದ ಕುರ್ಚಿಯಿಂದ ಎದ್ದು ಮೊದಲ ನಾಲ್ಕೈದು ಹೆಜ್ಜೆ ಇಡೋವಾಗ ತುಂಬಾ ನೋವು, ಆಮೇಲೆ ಸ್ವಲ್ಪ ಕಮ್ಮಿ ಆಗುತ್ತೆ. ಒಬ್ರು ಡಾಕ್ಟ್ರು ರಿವಿಶನ್ ಸರ್ಜರಿ, ಅಂದ್ರೆ ಹಳೇ ಜಾಯಿಂಟ್ ತೆಗೆದು ಹೊಸದು ಹಾಕೋ ಆಪರೇಶನ್, ಮಾಡಿಸ್ಬಿಡಿ ಅಂದ್ರು, ಇನ್ನೊಬ್ರು ಆಂಟಿಬಯಾಟಿಕ್ ಬರ್ಕೊಟ್ಟು ನೋಡೋಣ ಅಂದ್ರು. ಇಂಪ್ಲಾಂಟ್ (ಒಳಗೆ ಹಾಕಿರೋ ಕೃತಕ ಜಾಯಿಂಟ್) ಬಾಳೋದೇ 15 ವರ್ಷ ಅಂತಾರಲ್ಲ, ನಿಜನಾ?

ಉತ್ತರ: 15 ವರ್ಷದ ಲೆಕ್ಕ ಹಳೇದು ಬಿಡಿ. 2019ರಲ್ಲಿ ರಿಜಿಸ್ಟ್ರಿ ದಾಖಲೆ (ಹಾಕಿದ ಇಂಪ್ಲಾಂಟ್ ಎಷ್ಟು ವರ್ಷ ಬಾಳ್ತು ಅಂತ ಬರೆದಿಡೋ ರಾಷ್ಟ್ರಮಟ್ಟದ ಪಟ್ಟಿ) ಸೇರಿಸಿ ನೋಡಿದಾಗ ಪೂರ್ತಿ ಮಂಡಿ ಇಂಪ್ಲಾಂಟ್‌ಗಳಲ್ಲಿ ಸುಮಾರು 82% 25 ವರ್ಷದವರೆಗೂ ಬಾಳಿದ್ದು ಗೊತ್ತಾಯ್ತು. ಹಾಗಂತ ಅಮ್ಮನ ನೋವನ್ನ ಸುಮ್ನೆ ಬಿಡೋ ಹಾಗಿಲ್ಲ, ಎದ್ದ ತಕ್ಷಣ ನೋವು ಬಂದು ನಡೀತಾ ನಡೀತಾ ಕಮ್ಮಿ ಆಗೋದು ಇಂಪ್ಲಾಂಟ್ ಲೂಸ್ ಆದವರು ಹೇಳೋ ಮಾತೇ. ಇಂಪ್ಲಾಂಟಿನ ಲೋಹದ ಭಾಗಗಳ ಮಧ್ಯದ ಪ್ಲಾಸ್ಟಿಕ್ ವರ್ಷಗಟ್ಲೆ ಉಜ್ಜಿ ಸಣ್ಣ ಸಣ್ಣ ಕಣ ಉದುರುತ್ತೆ, ಅದನ್ನ ತೆಗೆದು ಹಾಕೋಕೆ ಬರೋ ಕೋಶಗಳು ಕೆರಳಿ ಸುತ್ತಲಿನ ಮೂಳೆ ಕರಗೋ ಹಾಗೆ ಮಾಡ್ತವೆ, ಆಗ ಇಂಪ್ಲಾಂಟನ್ನ ಮೂಳೆಗೆ ಕೂರಿಸಿರೋ ಸಿಮೆಂಟ್ ಹಿಡಿತ ಸಡಿಲ ಆಗುತ್ತೆ.

ಆದ್ರೆ ಅದೇ ಕಾರಣ ಅಂತ ಈಗ್ಲೇ ತೀರ್ಮಾನ ಬೇಡ, ಕಾರಣ ಸಿಗದೆ ಬರೀ ನೋವಿದೆ ಅಂತ ಮಾಡಿಸಿದ ರಿವಿಶನ್‌ನಿಂದ ಎಷ್ಟೋ ಸಲ ನೋವು ಹೋಗೋದೇ ಇಲ್ಲ. ಸೊಂಟದ ಕೀಲು, ಬೆನ್ನಿನ ನರದ ನೋವೂ ಮಂಡೀಲಿ ಕಾಣಿಸ್ಕೊಳ್ಳುತ್ತೆ, ಅವನ್ನೂ ನೋಡಿಸಿ. ಹಳೇ ಎಕ್ಸ್‌ರೇ ಎಲ್ಲಾ ಹುಡುಕಿ ತಗೊಂಡು ಹೋಗಿ, ಒಂದೇ ಫಿಲ್ಮ್ ನೋಡೋದಕ್ಕಿಂತ ಹಳೇದು ಹೊಸದು ಪಕ್ಕ ಪಕ್ಕ ಇಟ್ರೆ ಇಂಪ್ಲಾಂಟ್ ಜರುಗಿದ್ಯಾ ಅಂತ ಬೇಗ ಗೊತ್ತಾಗುತ್ತೆ.

ನಂಗೆ ಸರಿ ಕಾಣದೇ ಇರೋದು ಆ ಆಂಟಿಬಯಾಟಿಕ್. ಇನ್ಫೆಕ್ಷನ್ ಇದ್ಯಾ ಅಂತ ನೋಡೋಕೆ ಇಎಸ್‌ಆರ್, ಸಿಆರ್‌ಪಿ ಅನ್ನೋ, ಮೈಯಲ್ಲಿ ಉರಿಯೂತ ಇದ್ಯಾ ತೋರಿಸೋ ರಕ್ತ ಪರೀಕ್ಷೆ ಮಾಡಿಸಿ, ಅನುಮಾನ ಬಂದ್ರೆ ಮಂಡಿಯಿಂದ ನೀರು ತೆಗೆದು ಕಲ್ಚರ್‌ಗೆ (ಲ್ಯಾಬಲ್ಲಿ ಕ್ರಿಮಿ ಬೆಳೆಸಿ ನೋಡೋ ಪರೀಕ್ಷೆ) ಕಳಿಸ್ಬೇಕು. ಅದಕ್ಕೂ ಮೊದ್ಲೇ ಮಾತ್ರೆ ನುಂಗಿದ್ರೆ ಕ್ರಿಮಿ ಕಲ್ಚರಲ್ಲಿ ಬೆಳೆಯದೇನೇ ಇರ್ಬಹುದು, ಇನ್ಫೆಕ್ಷನ್ ಇದ್ರೂ ರಿಪೋರ್ಟ್ ನೆಗೆಟಿವ್ ಬರ್ಬಹುದು. ಶುರು ಮಾಡಿಲ್ಲ ಅಂದ್ರೆ ಮಾಡ್ಬೇಡಿ, ಮಾಡಿದ್ರೆ ಡಾಕ್ಟರಿಗೆ ಹೇಳಿ. ಜ್ವರ, ಮಂಡಿ ಕೆಂಪಾಗಿ ಊದೋದು, ಗಾಯದ ಜಾಗದಿಂದ ಕೀವು ಸೋರೋದು ಕಂಡ್ರೆ ತಡ ಮಾಡದೆ ಅವತ್ತೇ ಆಸ್ಪತ್ರೆಗೆ ಹೋಗಿ.

ಬರೀ ಲೂಸ್ ಆಗಿದ್ರೆ ಸಾಮಾನ್ಯವಾಗಿ ಒಂದೇ ಆಪರೇಶನ್, ಹಳೇದು ತೆಗೆದು ಉದ್ದ ಕಡ್ಡಿ ಇರೋ ಹೊಸದನ್ನ ಮೂಳೆ ಒಳಗೆ ಕೂರಿಸ್ತಾರೆ, ಮೂಳೆ ಕರಗಿದ ಕಡೆ ಲೋಹದ ತುಂಡು ಸೇರಿಸ್ತಾರೆ. ಹಳೇ ಇನ್ಫೆಕ್ಷನ್ ಆಗಿದ್ರೆ ಎಷ್ಟೋ ಸಲ ಎರಡು ಹಂತ, ಮೊದಲು ಎಲ್ಲಾ ತೆಗೆದು ಆಂಟಿಬಯಾಟಿಕ್ ಬೆರೆಸಿದ ಸಿಮೆಂಟಿನ ಸ್ಪೇಸರ್ (ಜಾಯಿಂಟ್ ಜಾಗದಲ್ಲಿ ತಾತ್ಕಾಲಿಕವಾಗಿ ಇಡೋ ತುಂಡು) ಇಡೋದು, ಕೆಲವು ವಾರ ಔಷಧಿ, ಆಮೇಲೆ ಹೊಸ ಜಾಯಿಂಟ್. ಮೊದಲನೇ ಸಲದಷ್ಟು ಸುಲಭ ಅಲ್ಲ ಇದು, ಚೇತರಿಕೆನೂ ನಿಧಾನ, ಮಂಡಿ ಆಗಿನಷ್ಟು ಮಡಚದೇನೂ ಇರ್ಬಹುದು. ಅದಕ್ಕೇ ರಿವಿಶನ್ ಜಾಸ್ತಿ ಮಾಡೋ ಸರ್ಜನ್ ಹತ್ರಾನೇ ತೋರ್ಸಿ, ಹೋಗೋವಾಗ ಹಳೇ ಡಿಸ್ಚಾರ್ಜ್ ಸಮ್ಮರಿ, ಇಂಪ್ಲಾಂಟ್ ಸ್ಟಿಕ್ಕರ್ ಮರೀಬೇಡಿ. ಪ್ಲಾಸ್ಟಿಕ್ ಮಾತ್ರ ಸವೆದಿದ್ರೆ ಅದೊಂದನ್ನೇ ಬದಲಾಯಿಸೋಕೂ ಆಗ್ಬಹುದು, ಆದ್ರೆ ಅದಕ್ಕೆ ಯಾವ ಕಂಪನಿ, ಯಾವ ಮಾಡೆಲ್, ಯಾವ ಸೈಜ್ ಅಂತ ಗೊತ್ತಿರ್ಲೇಬೇಕು.