ಕಸಿ ಹೃದಯಕ್ಕೆ ಬಯಾಪ್ಸಿ ಬದಲು ಎಂಆರ್‌ಐ ಸಾಕಾಗಲ್ವಾ?

ಅಪ್ಪನಿಗೆ ಹೃದಯ ಕಸಿ ಆಗಿ ನಾಲ್ಕು ತಿಂಗಳಾಯ್ತು, ಪದೇ ಪದೇ ಬಯಾಪ್ಸಿ ಬದಲು ಎಂಆರ್‌ಐ ಮಾಡಿಸಬಹುದಾ ಅಂತ ಕೇಳಿದ್ದೀರಿ. ದೇಹ ಹೊಸ ಹೃದಯವನ್ನು ಒಪ್ಪುತ್ತಿದೆಯಾ ಅಂತ ನೋಡೋಕೆ ಮಾಡುವ ಬಯಾಪ್ಸಿಯಲ್ಲಿ ಕತ್ತಿನ ರಕ್ತನಾಳದಿಂದ ಪುಟ್ಟ ಚಿಮಟ ಇಳಿಸಿ, ಹೃದಯದ ಬಲಭಾಗದಿಂದ ಸಣ್ಣ ಸಣ್ಣ ಚೂರು ಕೀಳುತ್ತಾರೆ. ಪ್ರತಿ ಸಲ ಅದನ್ನು ಅನುಭವಿಸೋದು ಕಷ್ಟವೇ.

ದೇಹ ಹೊಸ ಹೃದಯವನ್ನು ಒಪ್ಪದಿದ್ದಾಗ ಅದರ ಸ್ನಾಯು ಊದಿಕೊಂಡು ನೀರಿನಂಶ ಜಾಸ್ತಿಯಾಗುತ್ತದೆ. ಎಂಆರ್‌ಐನ ಟಿ2 ಮ್ಯಾಪಿಂಗ್ (ಸ್ನಾಯುವಿನ ನೀರಿನಂಶ ತೋರಿಸುವ ಒಂದು ಬಗೆಯ ಸ್ಕ್ಯಾನ್) ಹಿಡಿಯೋದು ಇದನ್ನೇ. ಅದಕ್ಕೆ ಚಿತ್ರ ಸ್ಪಷ್ಟವಾಗಲಿ ಅಂತ ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ ಕೂಡ ಬೇಡ. ಇಡೀ ಹೃದಯ ಕಾಣುತ್ತದೆ. ಬಯಾಪ್ಸಿಯಲ್ಲಾದರೆ, ಚೂರು ತೆಗೆದ ಜಾಗದ ಪಕ್ಕದಲ್ಲೇ ತೊಂದರೆ ಇದ್ದರೂ ತಪ್ಪಿಹೋಗಬಹುದು. ಸಿಡ್ನಿಯಲ್ಲಿ 40 ರೋಗಿಗಳನ್ನು ಎಂಆರ್‌ಐಗೆ ಒಂದು, ಬಯಾಪ್ಸಿಗೆ ಒಂದು ಅಂತ ಎರಡು ಗುಂಪು ಮಾಡಿ ಹೋಲಿಸಿ ನೋಡಿದ ಅಧ್ಯಯನ 2022ರಲ್ಲಿ ಬಂತು. ಎಂಆರ್‌ಐ ಗುಂಪಿನವರು ಆಸ್ಪತ್ರೆ ಸೇರಿದ್ದು ಕಮ್ಮಿ. ನನಗೆ ಇದು ನಿಜಕ್ಕೂ ಭರವಸೆ ಕೊಟ್ಟ ಸುದ್ದಿ. ಆದರೆ 40 ಜನ ಅಂದ್ರೆ ಸಣ್ಣ ಸಂಖ್ಯೆ ಅಲ್ವಾ?

ಇನ್ನೊಂದು ವಿಷಯ. ಊತ ಇದೆ ಅಂತ ಎಂಆರ್‌ಐ ಹೇಳುತ್ತದೆ, ಯಾಕೆ ಅಂತ ಖಚಿತವಾಗಿ ಹೇಳಲ್ಲ. ಯಾವ ಔಷಧಿ ಕೊಡಬೇಕು ಅನ್ನೋದು ಆ ಕಾರಣದ ಮೇಲೆ ನಿಂತಿದೆ. ಅನುಮಾನ ಬಂದರೆ ಬಯಾಪ್ಸಿ ಬೇಕೇ ಬೇಕು.

ಹಾಗಾಗಿ ನೀವಾಗಿಯೇ ಬಯಾಪ್ಸಿ ತಪ್ಪಿಸಬೇಡಿ. ಮುಂದಿನ ಸಲ ಹೋದಾಗ, 'ಇಲ್ಲಿ ಟಿ2 ಮ್ಯಾಪಿಂಗ್ ಮಾಡ್ತೀರಾ, ಅದು ಸರಿಯಿದ್ದರೆ ಬಯಾಪ್ಸಿ ಕಮ್ಮಿ ಮಾಡಬಹುದಾ' ಅಂತ ಡಾಕ್ಟರನ್ನು ನೇರವಾಗಿ ಕೇಳಿ. ಅಪ್ಪನಿಗೆ ಪೇಸ್‌ಮೇಕರ್ ಇದ್ದರೆ ಅದನ್ನೂ ಮೊದಲೇ ಹೇಳಿ.