ಪ್ರತಿಕ್ರಿಯೆ: ಲಿರ್‌ನ ಮಕ್ಕಳ ಕಥೆ ಪುಟ್ಟ ಮಕ್ಕಳಿಗೆ ಹೇಳಬಹುದಾ?

ಆರು ವರ್ಷದ ಮಗಳಿಗೆ ಐರ್ಲೆಂಡಿನ ಲಿರ್‌ನ ಮಕ್ಕಳ ಕಥೆ ಹೇಳಬಹುದಾ, ಕೊನೆ ತುಂಬಾ ದುಃಖದ್ದಲ್ವಾ ಅಂತ ಕೇಳಿದ್ದೀರಿ. ಖಂಡಿತ ಹೇಳಿ. ಕೊನೆಯನ್ನು ಮಾತ್ರ ಬದಲಿಸಬೇಡಿ.

ಲಿರ್ ಎಂಬ ದೊರೆಯ ನಾಲ್ಕು ಮಕ್ಕಳನ್ನು ಮಲತಾಯಿ ಈಫಾ ಹಂಸಗಳಾಗಿ ಮಾಡುತ್ತಾಳೆ. 900 ವರ್ಷ ಹಾಗೇ ಇರಬೇಕು: 300 ಡೆರವಾರಾ ಸರೋವರದಲ್ಲಿ, 300 ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವಿನ ಮೊಯ್ಲ್ ಕಡಲಲ್ಲಿ, ಉಳಿದ 300 ಪಶ್ಚಿಮ ಕರಾವಳಿಯಲ್ಲಿ. ಮಾತು ಮತ್ತು ಹಾಡು ಮಾತ್ರ ಅವರ ಜೊತೆ ಉಳಿಯುತ್ತವೆ.

ಮೊಯ್ಲ್ ಕಡಲಿನ ಭಾಗವನ್ನು ನಿಧಾನವಾಗಿ ಹೇಳಿ. ಕೊರೆಯುವ ಚಳಿಯಲ್ಲಿ ಅಕ್ಕ ಫಿನೂಲಾ ತಮ್ಮಂದಿರನ್ನು ಬೆಚ್ಚಗಿಡುತ್ತಾಳೆ. ಒಬ್ಬ ಬಲ ರೆಕ್ಕೆಯ ಕೆಳಗೆ, ಒಬ್ಬ ಎಡ ರೆಕ್ಕೆಯ ಕೆಳಗೆ, ಇನ್ನೊಬ್ಬ ಎದೆಯ ಗರಿಗಳಲ್ಲಿ. ಮತ್ತೆ ಮನುಷ್ಯರಾಗುವಾಗ ಅವರೆಲ್ಲ ಹಣ್ಣು ಹಣ್ಣು ಮುದುಕರು. ಸಾಯುವ ಮೊದಲು ಫಿನೂಲಾ ಕೇಳಿಕೊಳ್ಳುವುದೂ ಅದನ್ನೇ, ಸಮಾಧಿಯಲ್ಲೂ ತಮ್ಮಂದಿರನ್ನು ನನ್ನ ಪಕ್ಕ ಹಾಗೇ ಮಲಗಿಸಿ ಅಂತ. ಇದನ್ನು ತೆಗೆದರೆ ಆ ಚಳಿಯ ರಾತ್ರಿಗೆ ಅರ್ಥವೇ ಇರುವುದಿಲ್ಲ.

ಮಗಳು ಜಾಸ್ತಿ ಮೆತ್ತಗಿನ ಮನಸ್ಸಿನವಳಾದರೆ ಮೊದಲು ಐರ್ಲೆಂಡಿನದೇ ಆದ ಜ್ಞಾನದ ಮೀನಿನ ಕಥೆ ಹೇಳಿ. ಆ ಮೀನಿನ ರುಚಿ ಮೊದಲು ನೋಡಿದವರಿಗೆ ಜಗತ್ತಿನ ಜ್ಞಾನವೆಲ್ಲ ಸಿಗುತ್ತದೆ. ಗುರುವಿಗಾಗಿ ಮೀನು ಸುಡುವಾಗ ಹುಡುಗ ಫಿನ್ ಹೆಬ್ಬೆರಳು ಸುಟ್ಟುಕೊಂಡು ಬಾಯಿಗಿಡುತ್ತಾನೆ. ಜ್ಞಾನವೆಲ್ಲ ಅವನಿಗೇ ಬಂದುಬಿಡುತ್ತದೆ!