ಹೊಟ್ಟೆಕಿಚ್ಚಿನ ಪುಟ ಬೇರೆ, ಜತಿಯ ಪುಟ ಬೇರೆ

ಪ್ರಶ್ನೆ: ಅಕ್ಕಾ, ಕಲಬುರಗಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಭರತನಾಟ್ಯದ ಸೀನಿಯರ್ ಪರೀಕ್ಷೆ ಕಟ್ಟಿದ್ದೇನೆ. ಕ್ಲಾಸಿನಿಂದ ಬಂದ ಮೇಲೆ ದಿನಚರಿ ಬರೆಯುವ ರೂಢಿ ಇದೆ. ಪಂಡಿತ ರಂಗಮಂದಿರದ ಕಾರ್ಯಕ್ರಮದಲ್ಲಿ ಗೆಳತಿಗೆ ಮುಂದಿನ ಸಾಲು ಸಿಕ್ಕಿತು, ನನ್ನನ್ನು ಹಿಂದೆ ನಿಲ್ಲಿಸಿದರು. ಆ ರಾತ್ರಿ ಅವಳ ಬಗ್ಗೆ ಕೆಟ್ಟದಾಗಿ ಬರೆದೆ. ಚಿಕ್ಕಮ್ಮನ ಮಗಳು ಅದನ್ನು ಓದಿ ಕ್ಲಾಸಿನಲ್ಲೆಲ್ಲ ಹೇಳಿಬಿಟ್ಟಳು. ಗೆಳತಿ ಮಾತು ಬಿಟ್ಟಿದ್ದಾಳೆ. ಗುರುಗಳು ಮೊದಲಿನಿಂದಲೂ "ಬರೆದಿದ್ದು ಕಾಲಿಗಿ ಬರಲ್ಲ" ಅನ್ನುವವರು. ಮೊಣಕಾಲು ಬೇರೆ ನೋಯುತ್ತಿದೆ, ಯಾರಿಗೂ ಹೇಳಿಲ್ಲ. ಆ ಪುಸ್ತಕ ಸುಟ್ಟುಬಿಡಲೇ?

ಉತ್ತರ: ಸುಡಬೇಡ ತಂಗಿ. ಸಿಟ್ಟಿನ ಪುಟದ ಜೊತೆಗೆ ಇಷ್ಟು ದಿನದ ಪಾಠದ ತಿದ್ದುಪಡಿಗಳೂ ಬೂದಿಯಾಗುತ್ತವೆ. ಒಂದೇ ಪುಸ್ತಕದಲ್ಲಿ ಜತಿಯನ್ನೂ (ತಾಳಕ್ಕೆ ಕಟ್ಟಿದ ಕುಣಿತದ ಸೊಲ್ಲುಗಳನ್ನೂ) ಹೊಟ್ಟೆಕಿಚ್ಚನ್ನೂ ಬರೆದದ್ದರಿಂದ ಈ ತೊಂದರೆ ಬಂತು. ಇಂದಿನಿಂದ ಎರಡು ಪುಸ್ತಕ ಇಡು.

ಮೊದಲನೆಯದು ಸಾಧನೆಯ ಪುಸ್ತಕ. ಯಾರು ತೆರೆದು ನೋಡಿದರೂ ಅಡ್ಡಿಯಿಲ್ಲದಂಥದ್ದು. ಗುರುಗಳು ಹೇಳುವುದರಲ್ಲಿ ಸತ್ಯವಿದೆ: ಕ್ಲಾಸಿನಲ್ಲಿ ಪೆನ್ನು ಹಿಡಿದು ಕೂತವಳ ಕಣ್ಣು ಗುರುಗಳ ಕಾಲಿನ ಮೇಲೆ ಇರುವುದಿಲ್ಲ. ಅಲ್ಲಿ ಬರೆಯಬೇಡ, ಅದೇ ಸಂಜೆ ಹತ್ತು ನಿಮಿಷ ಬರೆ. ರಾತ್ರಿ ಕಳೆದರೆ ಗುರುಗಳು ಹೇಳಿದ ಮಾತು ಮರೆತು, ನಾವು ಊಹಿಸಿಕೊಂಡದ್ದು ಉಳಿಯುತ್ತದೆ. "ಇವತ್ತು ನಟ್ಟಡವಿನ ಹೆಜ್ಜೆ ಚೆನ್ನಾಗಿ ಬರಲಿಲ್ಲ" ಎಂದು ಬರೆದರೆ ನಾಳೆ ಏನು ತಿದ್ದಿಕೊಳ್ಳುತ್ತೀ? "ನಟ್ಟಡವು ಮೂರನೆಯದು, ಎರಡನೇ ಕಾಲದಲ್ಲಿ (ವೇಗದಲ್ಲಿ) ಸರಿ, ಮೂರನೇ ಕಾಲಕ್ಕೆ ಬಂದಾಗ ಎಡ ಮೊಣಕೈ ಭುಜದ ಮಟ್ಟಕ್ಕಿಂತ ಕೆಳಗೆ ಬೀಳುತ್ತದೆ" ಎಂದು ಬರೆದರೆ ಬೆಳಗಿನ ಅಭ್ಯಾಸಕ್ಕೆ ಕೆಲಸ ಸಿಕ್ಕಿತು.

ಜತಿ ಬರೆಯುವಾಗ ಸೊಲ್ಲು (ಬಾಯಲ್ಲಿ ಹೇಳುವ ತ, ದಿ, ತೊಂ) ಮಾತ್ರ ಬರೆದು ಕಾರ್ವೆ (ನಡುವಿನ ನಿಲುಗಡೆ) ಬರೆಯದೆ ಬಿಡುವುದು ಬಹಳ ಮಂದಿ ಮಾಡುವ ತಪ್ಪು. ಆದಿತಾಳಕ್ಕೆ ಸಾಲಿಗೆ 8 ಮನೆ ಹಾಕು, ತಾಳದ ಒಂದು ಎಣಿಕೆಗೆ (ಅಕ್ಷರಕ್ಕೆ) ಒಂದು ಮನೆ. ಚತುರಶ್ರದಲ್ಲಿ, ಅಂದರೆ ನಾಲ್ಕರ ನಡೆಯಲ್ಲಿ, ಮನೆಗೆ 4 ಮಾತ್ರೆ (ಚಿಕ್ಕ ಎಣಿಕೆ). ಉದಾಹರಣೆಗೆ "ತದಿಗಿಣತೊಂ" ಮೂರು ಸಲ, ನಡುವೆ ಒಂದೊಂದು ಮಾತ್ರೆಯ ಕಾರ್ವೆ: 5+1+5+1+5, ಒಟ್ಟು 17. ಐದನೇ ಅಕ್ಷರದಲ್ಲಿ, ಅಂದರೆ ಮೊದಲ ದ್ರುತದ ಘಾತದಲ್ಲಿ (ಬೆರಳೆಣಿಕೆ ಮುಗಿದ ಮೇಲಿನ ಮೊದಲ ತಟ್ಟಿನಲ್ಲಿ) ಎತ್ತಿಕೊಂಡರೆ ಕೊನೆಯ "ತೊಂ" ಸರಿಯಾಗಿ ಸಮಕ್ಕೆ (ಮುಂದಿನ ಸುತ್ತಿನ ಮೊದಲ ತಟ್ಟಿಗೆ) ಬೀಳುತ್ತದೆ. ಪುಸ್ತಕದಲ್ಲಿ ಆ ಎರಡು ಕಾರ್ವೆ ಬರೆಯದಿದ್ದರೆ ಅರ್ಧ ಅಕ್ಷರ ಮೊದಲೇ ಮುಗಿಸಿ ಸುಮ್ಮನೆ ನಿಲ್ಲುತ್ತೀ. ಸೊಲ್ಲಿನ ಕೆಳಗೆ ಕಾಲಿಗೆ "ಬ", "ಎ" ಎಂದು ಗುರುತು ಹಾಕು, ಅದರ ಕೆಳಗೆ ಹಸ್ತ (ಕೈಮುದ್ರೆ). ಬರೆದದ್ದನ್ನು ಕೈಯಲ್ಲಿ ತಾಳ ಹಾಕಿ ಬಾಯಲ್ಲಿ ಹೇಳಿ ನೋಡದೆ ಪುಸ್ತಕ ಮುಚ್ಚಬೇಡ. ಪರೀಕ್ಷೆಯಲ್ಲೂ ಇದನ್ನೇ ಕೇಳುತ್ತಾರೆ. ಇನ್ನೊಂದು ಮಾತು: ಗುರುಗಳು ಕಟ್ಟಿದ ಜತಿಯ ಪುಟವನ್ನು ಅವರನ್ನು ಕೇಳದೆ ವಾಟ್ಸ್ಆ್ಯಪ್‌ನಲ್ಲಿ ಹಾಕಬೇಡ.

ಇನ್ನು ಮೊಣಕಾಲು. ನಿನ್ನ ಪತ್ರದಲ್ಲಿ ನಮಗೆ ಹೆಚ್ಚು ಚಿಂತೆ ಹಚ್ಚಿದ್ದು ಇದೇ. ಪ್ರತಿದಿನ ನೋವಿಗೆ 0ಯಿಂದ 10ರೊಳಗೆ ಒಂದು ಅಂಕಿ ಹಾಕು. ಯಾವ ಕಾಲು, ಚಿಪ್ಪಿನ ಮುಂದೋ ಒಳಬದಿಯೋ, ಅರೆಮಂಡಿಯಲ್ಲೋ (ಮೊಣಕಾಲು ಬಗ್ಗಿಸಿ ಅರ್ಧ ಕೂತ ಭಂಗಿಯಲ್ಲೋ) ಮೆಟ್ಟಿಲು ಇಳಿಯುವಾಗಲೋ, ಎಷ್ಟು ನಿಮಿಷ ಕುಣಿದೆ, ಯಾವ ನೆಲದ ಮೇಲೆ, ಇಷ್ಟೂ ಬರೆ. ನಮ್ಮ ಕಡೆ ಮನೆಮನೆಯಲ್ಲೂ ಶಹಾಬಾದ ಫರಸಿ. ತಟ್ಟಡವಿನ (ನೆಲ ತಟ್ಟುವ ಹೆಜ್ಜೆಯ) ಪೆಟ್ಟಿಗೆ ಆ ಕಲ್ಲು ಸ್ವಲ್ಪವೂ ಮಣಿಯುವುದಿಲ್ಲ, ಪೆಟ್ಟೆಲ್ಲ ಕಾಲಿಗೇ ವಾಪಸ್. ಮೇಲೆ ಜಮಖಾನ ಹಾಸಿದರೆ ಜಾರುತ್ತದೆ, ಅದು ಇನ್ನೂ ಅಪಾಯ. ಮನೆಯಲ್ಲಿ ಮೆಲ್ಲಗೆ ತಟ್ಟಿ ತಾಳ, ಹಸ್ತ, ಅಭಿನಯ ನೋಡಿಕೋ, ಜೋರಿನ ಮೂರನೇ ಕಾಲ ಕ್ಲಾಸಿಗಿರಲಿ. ಒಳಬದಿ ನೋಯುತ್ತಿದ್ದರೆ ಕನ್ನಡಿಯಲ್ಲಿ ಅರೆಮಂಡಿ ನೋಡು: ಸೊಂಟದ ಕೀಲು ತಿರುಗುವಷ್ಟಕ್ಕಿಂತ ಹೆಚ್ಚು ಪಾದ ತಿರುಗಿಸಿದರೆ ಮೊಣಕಾಲು ಒಳಗೆ ವಾಲಿ ತಿರುಚಿಕೊಳ್ಳುತ್ತದೆ. ಮೊಣಕಾಲು ಪಾದದ ಎರಡನೇ ಬೆರಳಿನ ನೇರಕ್ಕೆ ಬರುವಷ್ಟೇ ಪಾದ ತೆರೆ. ಊತ ಬಂದರೆ, ಕುಂಟುವಂತಾದರೆ ಅಂದೇ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸು, ಎರಡು ವಾರವಾದರೂ ಅಂಕಿ ಇಳಿಯದಿದ್ದರೂ ಅಷ್ಟೇ. ಹೋಗುವಾಗ ಈ ಪುಟಗಳನ್ನು ತೆಗೆದುಕೊಂಡು ಹೋಗು. ಗುರುಗಳಿಗಂತೂ ನಾಳೆಯೇ ಹೇಳು.

ಎರಡನೆಯದು ಮನಸ್ಸಿನ ಪುಸ್ತಕ. ಹೊಟ್ಟೆಕಿಚ್ಚು ಕುಣಿಯುವವರಿಗೆಲ್ಲ ಬರುತ್ತದೆ, ಅದಕ್ಕೆ ನಾಚಬೇಡ. ಬಿಡಿ ಹಾಳೆಯಲ್ಲಿ ಬರೆ, ಹೆಸರು ಹಾಕಬೇಡ, ತಿಂಗಳಿಗೊಮ್ಮೆ ಹರಿದು ಹಾಕು. ಹರಿಯುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕು: ಅವಳಲ್ಲಿ ಇದ್ದು ನನ್ನಲ್ಲಿ ಇಲ್ಲದ್ದು ಏನು? ಮೂರನೇ ಕಾಲದಲ್ಲೂ ಅವಳ ಅರೆಮಂಡಿ ಏಳುವುದಿಲ್ಲ ಎಂದು ಕಂಡರೆ ಆ ಒಂದು ಸಾಲು ಸಾಧನೆಯ ಪುಸ್ತಕಕ್ಕೆ ಹೋಗಲಿ. ಏನೂ ಕಾಣದಿದ್ದರೆ ಗುರುಗಳನ್ನೇ ಕೇಳು. ಕೆಲವೊಮ್ಮೆ ಎತ್ತರ ನೋಡಿ ಸಾಲು ಮಾಡಿರುತ್ತಾರೆ.

ಗೆಳತಿಯ ಹತ್ತಿರ ಫೋನಿನಲ್ಲಿ ಬೇಡ, ಎದುರಿಗೇ ಮಾತಾಡು. "ಬರೆದದ್ದು ನಾನೇ, ಸಿಟ್ಟಿನಲ್ಲಿ ಬರೆದೆ, ನಿನಗೆ ನೋವಾಯಿತು, ತಪ್ಪಾಯ್ತು" ಎಂದರೆ ಸಾಕು. ಗುರುಗಳು ಹೀಗೆ ಮಾಡಿದರು, ಚಿಕ್ಕಮ್ಮನ ಮಗಳು ಹಾಗೆ ಮಾಡಿದಳು ಎಂದು ಸೇರಿಸಿದರೆ ಕ್ಷಮೆ ಹೋಗಿ ದೂರು ಆಗುತ್ತದೆ. ಚಿಕ್ಕಮ್ಮನ ಮಗಳದು ಬೇರೆಯದೇ ತಪ್ಪು. ಅದನ್ನು ಅವಳಿಗೆ ಒಬ್ಬಳಿಗೇ ಹೇಳು, ಕೇಳದಿದ್ದರೆ ಚಿಕ್ಕಮ್ಮನಿಗೆ ತಿಳಿಸು.